ಅತ್ತಿಗೆ ಕೇಳಿದ ಉಡುಗೊರೆ ಲೆಕ್ಕ

ಅತ್ತಿಗೆ, ನಿಮ್ಮ ಮೆಸೇಜ್ ಬೆಳಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ ಅಂತ ಬಾಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ವಾಕಿಂಗ್ ಹೋಗುವಾಗ ಕೇಳಿಸಿಕೊಳ್ಳಿ. ಗ್ರೂಪಿನಲ್ಲಿ ಎಲ್ಲರೂ ನೋಡಿದ್ದಾರೆ, ಒಬ್ಬರೂ ತುಟಿ ಬಿಚ್ಚಿಲ್ಲ. ನೀವು ಕೇಳಿದ್ದು ಇಷ್ಟೇ ಅಲ್ವಾ? ಹಬ್ಬದ ರಜೆಗೆ ಎಲ್ಲರೂ ಸೇರುತ್ತೇವೆ, ಎಲ್ಲರಿಗೂ ಏನಾದರೂ ಕೊಡಬೇಕು, ಸ್ನೇಹಿತರ ಪಟ್ಟಿ ಬೇರೆ ಇದೆ, ಈ ವರ್ಷ ಕೈಯಲ್ಲಿ ದುಡ್ಡು ಓಡಾಡುತ್ತಿಲ್ಲ, ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಹೇಳಿ ಅಂತ.

ಎಲ್ಲಿ ಅಗ್ಗ ಅಂತ ನನಗೂ ಗೊತ್ತಿಲ್ಲ. ಆದರೆ ದುಡ್ಡು ಎಲ್ಲಿ ಸೋರುತ್ತದೆ ಅಂತ ಚೆನ್ನಾಗಿ ಗೊತ್ತು, ಯಾಕೆಂದರೆ ನಾನೇ ಸೋರಿಸಿದ್ದೇನೆ.

ನಾಲ್ಕು ವರ್ಷದ ಹಿಂದೆ ದೊಡ್ಡಮ್ಮನಿಗೆ ಒಂದು ಫೋಟೋ ಫ್ರೇಮ್ ಕೊಟ್ಟಿದ್ದೆ. ಕಡೇ ದಿನ, ಅಂಗಡಿಯವನು ಅರ್ಧ ಶಟರ್ ಎಳೆದಿದ್ದಾಗ ಬಗ್ಗಿ ಒಳಗೆ ಹೋಗಿ ತಂದದ್ದು. ಬೆಳ್ಳಿ ಬಣ್ಣದ ಅಂಚು, ಮೂಲೆಯಲ್ಲಿ ಎರಡು ಹಕ್ಕಿ. ಹೋದ ತಿಂಗಳು ಅವರ ಮನೆಗೆ ಹೋದಾಗ ನೋಡುತ್ತೇನೆ, ಟಿವಿ ಪಕ್ಕದಲ್ಲಿ ಅದೇ ಫ್ರೇಮ್. ಒಳಗೆ ಕಂಪನಿಯವರು ಮಾದರಿಗೆ ಹಾಕಿದ ಚಿತ್ರ ಹಾಗೇ ಇದೆ. ಹುಲ್ಲಿನ ಮೇಲೆ ಕೂತು ನಗುತ್ತಿರುವ ಯಾರೋ ಗಂಡ ಹೆಂಡತಿ, ಮಧ್ಯದಲ್ಲಿ ಒಂದು ನಾಯಿ. ಕೆಳಗಡೆ ಸಣ್ಣಕ್ಷರದಲ್ಲಿ ಫ್ರೇಮಿನ ಅಳತೆ ಕೂಡ ಅಚ್ಚಾಗಿದೆ. ಇವರು ಯಾರು ದೊಡ್ಡಮ್ಮ ಅಂದೆ. "ನೀನೇ ಕೊಟ್ಟೆಯಲ್ಲಪ್ಪ, ನಿನ್ನ ಆಫೀಸಿನವರು ಅಂದುಕೊಂಡು ವಾರಕ್ಕೊಂದು ಸಲ ಒರೆಸಿ ಇಡುತ್ತೇನೆ" ಅಂದರು. ದೊಡ್ಡಮ್ಮ, ನೀವೂ ಇದನ್ನು ಕೇಳುತ್ತಿದ್ದೀರಿ ಅಂತ ಗೊತ್ತು. ತಪ್ಪು ನನ್ನದೇ. ಅವತ್ತು ನನಗೆ ಬೇಕಾಗಿದ್ದದ್ದು ಕೈಯಲ್ಲಿ ಹಿಡಿದುಕೊಂಡು ಹೋಗಲು ಒಂದು ಪೊಟ್ಟಣ. ನಿಮಗೆ ಏನು ಬೇಕು ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ಇದರ ಬಗ್ಗೆ ಲೆಕ್ಕ ಹಾಕಿದವರೂ ಇದ್ದಾರೆ, ಗೊತ್ತಾ? ಜೋಯೆಲ್ ವಾಲ್ಡ್‌ಫೋಗೆಲ್ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞರು 1993ರಲ್ಲಿ ಒಂದು ಲೇಖನ ಬರೆದರು. ಕಾಲೇಜು ವಿದ್ಯಾರ್ಥಿಗಳನ್ನು ಅವರು ಕೇಳಿದ್ದು ಇಷ್ಟು. ನಿಮಗೆ ಬಂದ ಉಡುಗೊರೆಗೆ ಕೊಟ್ಟವರು ಎಷ್ಟು ಖರ್ಚು ಮಾಡಿರಬಹುದು? ಪ್ರೀತಿ ಗೀತಿ ಪಕ್ಕಕ್ಕಿಟ್ಟರೆ, ಅದೇ ವಸ್ತುವಿಗೆ ನೀವಾದರೆ ಎಷ್ಟು ಕೊಡುತ್ತಿದ್ದಿರಿ? ಎರಡರ ಮಧ್ಯೆ ಹತ್ತನೇ ಒಂದು ಭಾಗದಿಂದ ಹಿಡಿದು ಮೂರನೇ ಒಂದು ಭಾಗದವರೆಗೆ ವ್ಯತ್ಯಾಸ ಬಂತು. ಅಷ್ಟು ದುಡ್ಡು ಕೊಟ್ಟವರ ಕೈಯಿಂದ ಹೋಯಿತು, ತಗೊಂಡವರಿಗೆ ಸೇರಲಿಲ್ಲ. ನನಗೆ ನಗು ಬಂದದ್ದು ಇನ್ನೊಂದು ವಿಷಯಕ್ಕೆ. ಸ್ನೇಹಿತರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ. ಅಜ್ಜ ಅಜ್ಜಿ, ಚಿಕ್ಕಪ್ಪ ಚಿಕ್ಕಮ್ಮ, ಅತ್ತೆ ಮಾವ ಅಂತ ನೆಂಟರು ಕೊಟ್ಟದ್ದರಲ್ಲೇ ಜಾಸ್ತಿ. ಅಂದರೆ ನಾವು. ಈ ಗ್ರೂಪಿನಲ್ಲಿ ಇರುವವರೇ!

ಹಾಗಾಗಿ ನನ್ನ ಮಾತು ಇಷ್ಟೇ ಅತ್ತಿಗೆ. ಅಗ್ಗದ ಸಾಮಾನು ಹುಡುಕಬೇಡಿ. ಉಡುಗೊರೆಗಳ ಸಂಖ್ಯೆ ಇಳಿಸೋಣ. ಇಳಿದ ಮೇಲೆ ಉಳಿದದ್ದನ್ನು ಬಾಯಿ ಬಿಟ್ಟು ಕೇಳಿ ಕೊಡೋಣ.

ಸಂಖ್ಯೆ ನೋಡಿ. ನಾವು ದೊಡ್ಡವರೇ 14 ಜನ. ಒಬ್ಬೊಬ್ಬರೂ ಉಳಿದ 13 ಜನಕ್ಕೆ ಕೊಟ್ಟರೆ ಒಟ್ಟು 182 ಪೊಟ್ಟಣ. ಗಂಡ ಹೆಂಡತಿ ಸೇರಿ ಕೊಡುತ್ತಾರೆ ಅಂತ ಅರ್ಧಕ್ಕೆ ಇಳಿಸಿದರೂ 90ರ ಮೇಲೆ. ಹೆಸರಿನ ಚೀಟಿ ಎತ್ತಿ, ಬಂದ ಹೆಸರಿನವರಿಗೆ ಮಾತ್ರ ಕೊಟ್ಟರೆ 14. ಒಬ್ಬರಿಗೆ ಒಂದು, ಮುಗಿಯಿತು. ಈಗ 13 ಜನಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಕಾಲು ಭಾಗ ಹಾಕಿದರೂ ಆ ಒಬ್ಬರಿಗೆ ಒಳ್ಳೆಯದೇ ಬರುತ್ತದೆ.

ಚೀಟಿ ಎತ್ತುವುದರಲ್ಲಿ ಒಂದು ತರಲೆ ಇದೆ. ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಮಾಡಿದೆವು. ಟೋಪಿಯೊಳಗೆ ಹೆಸರು ಹಾಕಿ ಎತ್ತಿದರೆ ಯಾರಿಗೋ ಅವರದೇ ಹೆಸರು ಬಂತು. ಮತ್ತೆ ಕಲಸಿ ಎತ್ತಿದರೆ ಇನ್ನೊಬ್ಬರಿಗೆ ಬಂತು. ಮೂರನೇ ಸಲಕ್ಕೆ ಅರ್ಧ ಜನ ಎದ್ದು ಟೀಗೆ ಹೋದರು. ಆಮೇಲೆ ತಿಳಿಯಿತು, ಇದು ನಮ್ಮ ಗ್ರಹಚಾರ ಅಲ್ಲ, ಗಣಿತವೇ ಹಾಗೆ. ಐದಾರು ಜನರಿಗಿಂತ ಜಾಸ್ತಿ ಎಷ್ಟೇ ಮಂದಿ ಇರಲಿ, ಯಾರಿಗೂ ಸ್ವಂತ ಹೆಸರು ಬಾರದೆ ಇರುವುದು 100 ಸಲದಲ್ಲಿ ಸುಮಾರು 37 ಸಲ ಮಾತ್ರ. ಉಳಿದ 63 ಸಲ ಒಬ್ಬರಿಗಾದರೂ ಬಂದೇ ಬರುತ್ತದೆ.

ಅದಕ್ಕೆ ಸುಲಭ ದಾರಿ ಇದೆ. ಚೀಟಿಗಳನ್ನು ಕಲಸಿ ನೆಲದ ಮೇಲೆ ಸಾಲಾಗಿ ಜೋಡಿಸುವುದು. ಪ್ರತಿಯೊಬ್ಬರೂ ತಮ್ಮ ಪಕ್ಕದ ಚೀಟಿಯವರಿಗೆ ಕೊಡುವುದು, ಕೊನೆಯವರು ಮೊದಲಿನವರಿಗೆ. ಸ್ವಂತ ಹೆಸರು ಬರುವ ಪ್ರಶ್ನೆಯೇ ಇಲ್ಲ. ಗಂಡ ಹೆಂಡತಿ ಪಕ್ಕಪಕ್ಕದಲ್ಲಿ ಬಂದರೆ ಒಂದು ಚೀಟಿ ಎತ್ತಿ ಬೇರೆ ಕಡೆ ಇಟ್ಟರೆ ಆಯಿತು. ಜೋಡಿಸಿದವರಿಗೆ ಗುಟ್ಟೆಲ್ಲ ಗೊತ್ತಾಗುತ್ತದೆ, ನಿಜ. ಆ ಕೆಲಸ ನಿಮ್ಮ ಮಗಳಿಗೆ ಕೊಡೋಣ. ಚೀಟಿಯಲ್ಲಿ ಮಕ್ಕಳು ಇರುವುದಿಲ್ಲವಲ್ಲ, ಅವಳಿಗೆ ಯಾವ ಲಾಭವೂ ಇಲ್ಲ. ಗುಟ್ಟು ಕಾಯುತ್ತಾಳೋ ಇಲ್ಲವೋ, ಅದು ಬೇರೆ ಮಾತು.

ಎಷ್ಟರೊಳಗೆ ಅಂತ ಒಂದು ಮಿತಿಯೂ ಬೇಕು. ಅದನ್ನು ಗ್ರೂಪಿನಲ್ಲಿ ಕೇಳಬೇಡಿ. ಗ್ರೂಪಿನಲ್ಲಿ ಕೇಳಿದರೆ ಮೊದಲು ಉತ್ತರ ಕೊಡುವವರು ಚೆನ್ನಾಗಿ ಸಂಪಾದಿಸುವವರೇ. ಅವರು ಒಂದು ಅಂಕಿ ಹೇಳಿಬಿಟ್ಟರೆ ಉಳಿದವರು "ಓಕೆ" ಅಂತ ಹೆಬ್ಬೆರಳು ಹಾಕಿ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ನಮ್ಮಲ್ಲಿ ಈ ವರ್ಷ ಯಾರಿಗೆ ಕಷ್ಟ ಇದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನೀವೇ ಅವರಿಗೆ ಬೇರೆಯಾಗಿ ಫೋನ್ ಮಾಡಿ. ಅವರು ಹೇಳಿದ ಅಂಕಿಯೇ ಎಲ್ಲರಿಗೂ ಮಿತಿ. ಇನ್ನೊಂದು ಮಾತು. ಕಡಿಮೆ ಮಾಡೋಣ ಅಂತ ಮೊದಲು ಹೇಳಬೇಕಾದವರು ದುಡ್ಡಿರುವವರು. ಇಲ್ಲದವರು ಹೇಳಿದರೆ ಅದು ಅಳಲು ತೋಡಿಕೊಂಡ ಹಾಗೆ ಕೇಳಿಸುತ್ತದೆ. ಅಣ್ಣನಿಗೆ ಪ್ರಮೋಷನ್ ಆಗಿದೆ ಅಂತ ಎಲ್ಲರಿಗೂ ಗೊತ್ತಿರುವುದರಿಂದ ಅವನ ಬಾಯಿಂದಲೇ ಈ ಮಾತು ಬರಲಿ. ಸುಮ್ನೆ ಕೂರಲು ಬಿಡಬೇಡಿ.

ಸ್ನೇಹಿತರ ವಿಷಯ ಇನ್ನೂ ಸುಲಭ. ನಾನು ಹೋದ ವರ್ಷ ನಾಲ್ಕು ಜನರಿಗೆ ಒಂದೇ ಮೆಸೇಜ್ ಹಾಕಿದೆ: "ಈ ಸಲ ಉಡುಗೊರೆ ಬೇಡ, ಒಂದು ಸಂಜೆ ಸಿಗೋಣ." ಹತ್ತು ನಿಮಿಷದಲ್ಲಿ ನಾಲ್ಕೂ ಜನ "ಅಬ್ಬಾ" ಅಂದರು. ಒಬ್ಬ ಮಾತ್ರ ಆಗಲೇ ತಂದಿಟ್ಟುಬಿಟ್ಟಿದ್ದ ಪಾಪ. ಹಾಗಾಗಿ ಈ ಮಾತನ್ನು ಒಂದು ತಿಂಗಳು ಮೊದಲೇ ಹೇಳಬೇಕು. ಕಡೇ ವಾರದಲ್ಲಿ ಹೇಳಿದರೆ ಜಿಪುಣತನ ಆಗುತ್ತದೆ.

ಜಾಸ್ತಿ ಬೆಲೆಯದು ಕೊಡದಿದ್ದರೆ ಏನಂದುಕೊಳ್ಳುತ್ತಾರೋ ಅಂತ ನಿಮಗೆ ಸಂಕೋಚ ಇರುತ್ತದೆ. ಅದನ್ನೂ ಫ್ರಾನ್ಸಿಸ್ ಫ್ಲಿನ್, ಗೇಬ್ರಿಯೆಲ್ ಆಡಮ್ಸ್ ಅಂತ ಇಬ್ಬರು 2009ರಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಬೆಲೆ ಏರಿದಷ್ಟೂ ಮೆಚ್ಚುಗೆ ಏರುತ್ತದೆ ಅಂತ ಕೊಡುವವರು ನಂಬಿದ್ದರು. ತಗೊಂಡವರ ಮೆಚ್ಚುಗೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ನಿಮ್ಮನ್ನೇ ಕೇಳಿಕೊಳ್ಳಿ. ಹೋದ ವರ್ಷ ನಿಮಗೆ ಯಾರು ಎಷ್ಟರದ್ದು ಕೊಟ್ಟರು ಅಂತ ನೆನಪಿದೆಯಾ?

ನನಗೆ ನೆನಪಿರುವ ಒಂದು ಉಡುಗೊರೆಗೆ ಖರ್ಚೇ ಆಗಿಲ್ಲ. ಅಜ್ಜಿಗೆ ಕಣ್ಣು ಮಂಜಾದ ವರ್ಷ ನಿಮ್ಮ ಮಗ ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಪ್ಪು ಮಾರ್ಕರ್ ಹಿಡಿದು ನಮ್ಮೆಲ್ಲರ ಫೋನ್ ನಂಬರ್ ಬರೆದುಕೊಟ್ಟನಲ್ಲ. ಒಂದೊಂದು ಅಂಕಿ ಹೆಬ್ಬೆರಳಿನಷ್ಟು ದಪ್ಪ. ಹೆಸರು ಓದಲು ಆಗದಿದ್ದರೆ ಅಂತ ಪಕ್ಕದಲ್ಲಿ ಚಿತ್ರ. ನನ್ನ ಹೆಸರಿನ ಮುಂದೆ ಕನ್ನಡಕ, ಚಿಕ್ಕಪ್ಪನ ಮುಂದೆ ಬರೀ ಮೀಸೆ. ಅಜ್ಜಿ ಅದನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದಾರೆ. ಚಿಕ್ಕಪ್ಪ ನಂಬರ್ ಬದಲಾಯಿಸಿದಾಗ ಮೀಸೆ ಹಾಗೇ ಬಿಟ್ಟು ನಂಬರಿನ ಮೇಲೆ ಮಾತ್ರ ಬಿಳಿ ಕಾಗದ ಅಂಟಿಸಿ ತಿದ್ದಿಸಿಕೊಂಡರು.

ದುಡ್ಡಿನ ಬದಲು ಸಮಯ ಕೊಡುತ್ತೇನೆ ಅನ್ನುವವರಿಗೆ ಒಂದು ಎಚ್ಚರಿಕೆ. "ಯಾವತ್ತಾದರೂ ಬಂದು ನಿಮ್ಮ ಫೋನಿನ ಫೋಟೋ ಎಲ್ಲ ತೆಗೆದು ಜೋಡಿಸಿಕೊಡುತ್ತೇನೆ" ಅಂತ ಕಾರ್ಡ್ ಬರೆದುಕೊಟ್ಟರೆ ಆ ಯಾವತ್ತಾದರೂ ಬರುವುದೇ ಇಲ್ಲ. ನಾನು ಮಾವನಿಗೆ ಹಾಗೆ ಬರೆದುಕೊಟ್ಟು ಎರಡು ವರ್ಷವಾಯಿತು. ಮಾವ ಕೇಳುವುದಿಲ್ಲ, ಆದರೆ ನಾನು ಹೋದಾಗಲೆಲ್ಲ ಫೋನನ್ನು ಮೇಜಿನ ಮೇಲೆ ಇಡುತ್ತಾರೆ. ಕಾರ್ಡಿನಲ್ಲಿ ತಾರೀಖು ಹಾಕಿ ಕೊಡಿ.

ಮಕ್ಕಳ ವಿಷಯ. ಮಕ್ಕಳು ಚೀಟಿಗೆ ಬೇಡ, ಅವರಿಗೆ ಎಲ್ಲರೂ ಕೊಡಲಿ ಅಂತ ನೀವು ಹೇಳುತ್ತೀರಿ. ಸರಿ. ಆದರೆ ಏಳು ಮನೆಯಿಂದ ಏಳು ಆಟಿಕೆ ಬಂದರೆ ಮಧ್ಯಾಹ್ನಕ್ಕೆ ಆರು ಮಂಚದ ಕೆಳಗೆ, ಏಳನೆಯದರ ಡಬ್ಬದ ಜೊತೆ ಆಟ. ಏಳು ಮನೆಯವರೂ ಸೇರಿ ಒಂದು ಮಗುವಿಗೆ ಒಂದೇ ವಸ್ತು ಕೊಡೋಣ. ಯಾವುದು ಅಂತ ಆ ಮಗುವಿನ ಅಮ್ಮ ಹೇಳಲಿ.

ಈಗ ಅಂಗಡಿಗೆ ಬರೋಣ. ಹೋಗುವ ಮೊದಲು ಹೆಸರು, ವಸ್ತು, ಮೊತ್ತ ಮೂರನ್ನೂ ಬರೆದುಕೊಳ್ಳಿ. ಆಫರ್ ನೋಡಿ ಮೋಸ ಹೋಗಬೇಡಿ. 50 ಪರ್ಸೆಂಟ್ ಕಡಿತ, ಅದರ ಮೇಲೆ 20 ಪರ್ಸೆಂಟ್ ಅಂತ ಬೋರ್ಡ್ ಇದ್ದರೆ ಅದು 70 ಅಲ್ಲ, 60. ಎರಡನೇ ಕಡಿತ ಉಳಿದ ಅರ್ಧಕ್ಕೆ ಮಾತ್ರ. ಎರಡು ಕೊಂಡರೆ ಒಂದು ಫ್ರೀ ಅನ್ನುವುದು ನಿಮಗೆ ಮೂರು ಬೇಕಿದ್ದರೆ ಮಾತ್ರ ಉಳಿತಾಯ. ಒಂದು ಬೇಕಿದ್ದವರಿಗೆ ಅದು ಇನ್ನೊಂದರ ಖರ್ಚು. ಡೆಲಿವರಿ ಫ್ರೀ ಆಗಲಿ ಅಂತ ಬುಟ್ಟಿಗೆ ಸೇರಿಸುವ ಕೀ ಚೈನ್ ಕಥೆಯೂ ಅಷ್ಟೇ.

ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಪೂರ್ತಿ ಬಿಲ್ ಆ ತಿಂಗಳೇ ಕಟ್ಟಲು ಆಗದಿದ್ದರೆ ಉಡುಗೊರೆಗೆ ಕಾರ್ಡ್ ತೆಗೆಯಬೇಡಿ. ತಿಂಗಳಿಗೆ 3 ಪರ್ಸೆಂಟ್ ಬಡ್ಡಿ ಅಂದರೆ ಸಣ್ಣದು ಅನ್ನಿಸುತ್ತದೆ. ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 42 ಪರ್ಸೆಂಟ್ ದಾಟುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಅಜ್ಜಿ ಬೈಯುತ್ತಿದ್ದದ್ದು ಇದಕ್ಕೇ. ಈಗ ಆ ಮಲ್ಲಿಗೆಯೂ ಕಂತಿನ ಮೇಲೆ ಬರುತ್ತದೆ.

ದೂರದಲ್ಲಿ ಇರುವವರಿಗೆ ಕಳಿಸುವಾಗ ಡಬ್ಬದ ಗಾತ್ರ ನೋಡಿ. ತಕ್ಕಡಿಯಲ್ಲಿ ಹಗುರ ಇದ್ದರೂ ಬಹಳಷ್ಟು ಕೊರಿಯರಿನವರು ಗಾತ್ರದಿಂದಲೂ ತೂಕ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. 40, 40, 30ರ ಡಬ್ಬದಲ್ಲಿ ಒಂದು ಕಿಲೋ ತೂಗುವ ಕರಡಿ ಗೊಂಬೆ ಕಳಿಸಿದರೆ 9.6 ಕಿಲೋ ಲೆಕ್ಕ. ತಂಗಿಗೆ ನಾನು ಕಳಿಸಿದ ಗೊಂಬೆಗಿಂತ ಅದರ ಪ್ರಯಾಣವೇ ದುಬಾರಿ ಆಗಿತ್ತು. ದೂರಕ್ಕೆ ಕಳಿಸುವುದಾದರೆ ಚಪ್ಪಟೆ ವಸ್ತು ನೋಡಿ. ಪುಸ್ತಕ, ಬಟ್ಟೆ, ಒಂದು ಕಾಗದ.

ನಮಗೆ ಬಂದದ್ದನ್ನು ಬೇರೆಯವರಿಗೆ ದಾಟಿಸುವುದರ ಬಗ್ಗೆಯೂ ಒಂದು ಮಾತು. ನನಗೇನೂ ತಪ್ಪು ಕಾಣುವುದಿಲ್ಲ. ಹೊಸದಾಗಿರಬೇಕು, ಅವರಿಗೆ ಉಪಯೋಗ ಆಗಬೇಕು. ಯಾರು ಕೊಟ್ಟದ್ದು ಅಂತ ಡಬ್ಬದ ತಳದಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಕೊಡುವ ಮೊದಲು ಅದನ್ನು ಅಳಿಸಲು ಮರೆಯಬೇಡಿ.

ವರ್ಷವಿಡೀ ಕಿವಿ ತೆರೆದಿಟ್ಟುಕೊಂಡರೆ ಇದೆಲ್ಲ ತಲೆನೋವೇ ಇರುವುದಿಲ್ಲ. ಚಿಕ್ಕಮ್ಮ "ಈ ಕತ್ತರಿ ಹರಿಯುವುದೇ ಇಲ್ಲ" ಅಂದ ತಕ್ಷಣ ನಾನು ಫೋನಿನಲ್ಲಿ ಬರೆದುಕೊಂಡೆ. ಆರು ತಿಂಗಳು ಮೊದಲೇ ಕೊಂಡಿಡಬಹುದು, ಆದರೆ ಅದರಲ್ಲೂ ಒಂದು ಗುಂಡಿ ಇದೆ. ಎಲ್ಲಿಟ್ಟೆ ಅಂತ ಮರೆತು ಇನ್ನೊಂದು ಕೊಳ್ಳುತ್ತೇವೆ. ವಾಪಸು ಮಾಡುವ ಅವಧಿಯೂ ಮುಗಿದಿರುತ್ತದೆ. ನನ್ನ ಹತ್ತಿರ ಈಗ ಎರಡು ಕತ್ತರಿ ಇವೆ. ಚಿಕ್ಕಮ್ಮ, ಇದು ನಿಮಗೆ ಕೇಳಿಸಲಿಲ್ಲ ಅಂದುಕೊಳ್ಳಿ.

ಆಯಿತು, ಬ್ಯಾಟರಿ ಕೆಂಪಾಗಿದೆ. ಅತ್ತಿಗೆ, ನೀವು ಆ ಒಂದು ಫೋನ್ ಇವತ್ತೇ ಮಾಡಿ. ಅಣ್ಣ ರಾತ್ರಿ ಗ್ರೂಪಿನಲ್ಲಿ ಹಾಕಲಿ. ಬೇಡ ಅನ್ನುವವರು ಭಾನುವಾರದೊಳಗೆ ಹೇಳಲಿ, ಆಮೇಲೆ ಮಗಳ ಕೈಗೆ ಚೀಟಿ. ಮತ್ತೆ ದೊಡ್ಡಮ್ಮ, ನನ್ನ ಹೆಸರಿನ ಪಕ್ಕ ನಿಮ್ಮ ಚೀಟಿ ಬಂದರೂ ಸರಿ, ಬಾರದಿದ್ದರೂ ಸರಿ, ನೀವೂ ದೊಡ್ಡಪ್ಪನೂ ಒಟ್ಟಿಗೆ ಇರುವ ಒಂದು ಫೋಟೋ ಹುಡುಕಿಡಿ. ಆ ಫ್ರೇಮಿನ ಹಿಂದೆ ನಾಲ್ಕು ತಗಡಿನ ಕೊಕ್ಕೆ ಇರುತ್ತವೆ, ಬೆರಳಿಗೆ ಚುಚ್ಚುತ್ತವೆ. ನೀವು ಮುಟ್ಟಬೇಡಿ, ನಾನೇ ಬಂದು ಬದಲಾಯಿಸುತ್ತೇನೆ. ಇದೇ ಶನಿವಾರ, ಸಂಜೆ ಐದಕ್ಕೆ.