ಬೈಕ್ ಬಿಟ್ಟು ದಿನದ ಓಡಾಟಕ್ಕೆ ಸ್ಕೂಟರ್: ಓಡಿಸಿದವರ ಅನುಭವ ಬೇಕು

ಬೆಂಗಳೂರಿನಿಂದ, ಕೇಳಿದವರು:

ಹದಿನೆಂಟು ವರ್ಷಗಳಿಂದ ಬೈಕ್ ಓಡಿಸುತ್ತಿದ್ದೇನೆ. ಈಗಿರುವುದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ತೂಕ 195 ಕೆ.ಜಿ. ನಾಗರಬಾವಿಯಿಂದ ಜಯನಗರದ ಕಚೇರಿಗೆ ದಿನವೂ ಹೋಗಿ ಬರಬೇಕು. ಮೈಸೂರು ರಸ್ತೆಯ ದಟ್ಟಣೆಯಲ್ಲಿ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಸಂಜೆ ಮನೆಗೆ ಬರುವ ಹೊತ್ತಿಗೆ ಕಾಫಿ ಲೋಟ ಎತ್ತಲೂ ಎಡಗೈ ಮಣಿಕಟ್ಟು ನೋಯುತ್ತದೆ. ಒಂದು ಸ್ಕೂಟರ್ ತಂದುಬಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಬೈಕ್ ಮಾರುವ ಮನಸ್ಸಿಲ್ಲ. ಬೈಕಿನಿಂದ ಸ್ಕೂಟರಿಗೆ ಬಂದವರು ಏನು ಪಡೆದಿರಿ, ಏನು ಕಳೆದುಕೊಂಡಿರಿ ಹೇಳುತ್ತೀರಾ? ಮೈಲೇಜಿನ ಲೆಕ್ಕ ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಬೇಕಿರುವುದು ಮೈಗೆ ತಾಗಿದ ಅನುಭವ.

ಮೈಸೂರಿನಿಂದ:

ಖಂಡಿತ ತೆಗೆದುಕೊಳ್ಳಿ. ಆದರೆ ಮೊದಲ ಒಂದು ತಿಂಗಳು ನಿಮ್ಮ ಎಡಗೈಯನ್ನು ನಂಬಬೇಡಿ.

ಬೈಕಿನಲ್ಲಿ ಎಡಗಡೆಯ ಲಿವರ್ ಎಂದರೆ ಕ್ಲಚ್. ಸ್ಕೂಟರಿನಲ್ಲಿ ಅದೇ ಜಾಗದಲ್ಲಿ ಹಿಂದಿನ ಬ್ರೇಕ್ ಇರುತ್ತದೆ. ಕ್ಲಚ್ಚನ್ನು ಯಾರೂ ಅಳೆದು ತೂಗಿ ಹಿಡಿಯುವುದಿಲ್ಲ, ಗಾಬರಿಯಾದರಂತೂ ಒಂದೇ ಏಟಿಗೆ ಮುಷ್ಟಿ ಬಿಗಿಯುತ್ತೇವೆ. ಹದಿನಾರು ವರ್ಷ ಬೈಕ್ ಓಡಿಸಿ ಸ್ಕೂಟರಿಗೆ ಬಂದ ಮೂರನೆಯ ವಾರ ನನಗೆ ಆಗಿದ್ದು ಇದೇ. ಸಂಜೆ, ಸರಸ್ವತಿಪುರದ ಒಂದು ತಿರುವು, ಆಗ ತಾನೇ ತುಂತುರು ಮಳೆ ನಿಂತಿತ್ತು. ನಾಯಿಯೊಂದು ಅಡ್ಡ ಬಂತು. ಎಡಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಬಲಗಾಲು ಅಲ್ಲಿ ಇಲ್ಲದ ಪೆಡಲನ್ನು ಒತ್ತಿತು. ಮುಂದಿನ ಬ್ರೇಕ್ ಹಿಡಿಯಬೇಕಿದ್ದ ಬಲಗೈ ಮಾತ್ರ ಸುಮ್ಮನಿತ್ತು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಪಕ್ಕಕ್ಕೆ ಜಾರಿತು, ನಾನು ಬಿದ್ದೆ. ಮೊಣಕೈ ತರಚಿತು, ಹೆಲ್ಮೆಟ್ ತಲೆ ಉಳಿಸಿತು. ನಾಯಿಗೆ ಏನೂ ಆಗಲಿಲ್ಲ.

ಆ ಸ್ಕೂಟರ್ ಹಳೆಯದು, ಎರಡು ಬ್ರೇಕುಗಳೂ ಬೇರೆ ಬೇರೆ. 2019ರ ಏಪ್ರಿಲ್‌ನಲ್ಲಿ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಸಿಬಿಎಸ್ (ಎರಡೂ ಬ್ರೇಕುಗಳನ್ನು ಜೋಡಿಸುವ ವ್ಯವಸ್ಥೆ) ಅಥವಾ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಸಿಬಿಎಸ್ ಇದ್ದರೆ ಎಡಗಡೆಯ ಲಿವರ್ ಒತ್ತಿದಾಗ ಮುಂದಿನ ಚಕ್ರಕ್ಕೂ ಒಂದಿಷ್ಟು ಬ್ರೇಕ್ ಬೀಳುತ್ತದೆ. ಒಳ್ಳೆಯದೇ, ಆದರೂ ಬಲಗೈಯ ಕೆಲಸ ಬಲಗೈಯೇ ಮಾಡಬೇಕು. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆ ಅಥವಾ ಮೈದಾನ ಹುಡುಕಿ, ಮೂವತ್ತರ ವೇಗದಲ್ಲಿ ಬಂದು ಎರಡೂ ಲಿವರುಗಳನ್ನು ಒಟ್ಟಿಗೆ, ಮೆಲ್ಲಗೆ ಶುರುಮಾಡಿ ಬಿಗಿಯುತ್ತಾ ನಿಲ್ಲಿಸಿ. ಇಪ್ಪತ್ತು ಸಲ, ಮೂವತ್ತು ಸಲ. ನೀವು ಬೈಕನ್ನೂ ಇಟ್ಟುಕೊಳ್ಳುತ್ತೀರಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸ್ಕೂಟರಿನಿಂದ ಇಳಿದು ಬೈಕ್ ಹತ್ತಿದಾಗ ಇದೇ ತಪ್ಪು ತಿರುಗುಮುರುಗು ಆಗುತ್ತದೆ: ಬ್ರೇಕ್ ಎಂದುಕೊಂಡು ಕ್ಲಚ್ ಹಿಡಿಯುತ್ತೀರಿ, ಗಾಡಿ ಹಗುರಾಗಿ ಮುಂದಕ್ಕೆ ಓಡುತ್ತದೆ.

ಇನ್ನು ಸಿಕ್ಕಿದ್ದು. ಸೀಟಿನ ಕೆಳಗೆ ಮಳೆ ಅಂಗಿ, ಊಟದ ಡಬ್ಬಿ. ಕಾಲಿನ ಬಳಿ 25 ಕೆ.ಜಿ.ಯ ಸೋನಾ ಮಸೂರಿ ಮೂಟೆ. ಬೈಕ್ ಇದ್ದಾಗ ಅಕ್ಕಿಗೆ ಆಟೊ ಹಿಡಿಯುತ್ತಿದ್ದೆ. ಎಪ್ಪತ್ತು ದಾಟಿದ ಅಮ್ಮ ಸೀರೆಯುಟ್ಟು ಬೈಕಿನ ಹಿಂದೆ ಕೂರಲು ಹೆದರುತ್ತಿದ್ದರು, ಈಗ ದೇವಸ್ಥಾನಕ್ಕೆ ಅವರೇ ಹೊರಡಿಸುತ್ತಾರೆ. ನನಗೆ ಅದೊಂದೇ ಸಾಕು.

ದಾವಣಗೆರೆಯಿಂದ:

ನಾನು 150 ಸಿಸಿ ಬೈಕ್ ಓಡಿಸುತ್ತಿದ್ದವಳು. ಮಣಿಕಟ್ಟಿನ ನೋವು ಹೋಗುತ್ತದೆ, ನಿಜ. ಆದರೆ ಬೆನ್ನಿನ ಬಗ್ಗೆ ಯಾರೂ ನನಗೆ ಮೊದಲೇ ಹೇಳಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಬೈಕಿನಲ್ಲಿ ಹಂಪ್ ಬಂದರೆ ಪಾದದ ಮೇಲೆ ಭಾರ ಹಾಕಿ ಸೊಂಟವನ್ನು ಒಂದಿಷ್ಟು ಎತ್ತುತ್ತೇವೆ, ಪೆಟ್ಟು ಮಂಡಿಯಲ್ಲೇ ಮುಗಿಯುತ್ತದೆ. ಸ್ಕೂಟರಿನಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕೂರುತ್ತೇವೆ, ಪಾದಗಳು ಮುಂದಕ್ಕೆ ಚಾಚಿರುತ್ತವೆ, ಏಳಲು ಆಗುವುದಿಲ್ಲ. ಪೆಟ್ಟು ನೇರವಾಗಿ ಸೊಂಟದ ಮೂಳೆಗೆ. ಚಕ್ರವೂ ಚಿಕ್ಕದು. ನಿಮ್ಮ ಕ್ಲಾಸಿಕ್‌ನ ಮುಂದಿನ ಚಕ್ರ 19 ಇಂಚು. ಆ್ಯಕ್ಟಿವಾ 6ಜಿಗೆ ಮುಂದೆ 12, ಹಿಂದೆ 10. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯೊಳಕ್ಕೆ ಚಿಕ್ಕ ಚಕ್ರ ಇಳಿದೇ ಏಳುತ್ತದೆ.

ಬೆನ್ನು ನೋವು ಮೊದಲೇ ಇದ್ದರೆ ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ತೀರ್ಮಾನಿಸಬೇಡಿ. ಪರಿಚಯದವರ ಸ್ಕೂಟರ್ ಬೇಡಿ ಪಡೆದು, ನಿಮ್ಮದೇ ದಾರಿಯಲ್ಲಿ, ನಿಮ್ಮದೇ ಗುಂಡಿಗಳ ಮೇಲೆ ನಾಲ್ಕು ದಿನ ಓಡಿಸಿ ನೋಡಿ. ನಾನು ಎರಡೂ ಕಡೆ 12 ಇಂಚಿನ ಚಕ್ರವಿರುವ ಜುಪಿಟರ್‌ಗೆ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ. ವಾರಕ್ಕೊಮ್ಮೆ ಗಾಳಿ ನೋಡಿಸುವುದನ್ನು ಮಾತ್ರ ತಪ್ಪಿಸುವುದಿಲ್ಲ. ಒಂಟಿ ಸವಾರಿಯಲ್ಲಿ ಗಾಳಿ ಹೆಚ್ಚಾದರೂ ಬೆನ್ನಿಗೆ ಗೊತ್ತಾಗುತ್ತದೆ.

ಉಡುಪಿಯಿಂದ:

ನಮ್ಮ ಕಡೆಯ ಮಳೆಯಲ್ಲಿ ಸ್ಕೂಟರಿನ ಮುಂದಿನ ಹಲಗೆ ದೊಡ್ಡ ಉಪಕಾರ. ಎದುರಿನ ಬಸ್ಸು ಎರಚುವ ಕೆಂಪು ನೀರು ಪ್ಯಾಂಟಿಗೆ ಬರುವುದು ಅರ್ಧಕ್ಕರ್ಧ ಕಡಿಮೆ. ಎಚ್ಚರ ಬೇಕಿರುವುದು ಘಾಟಿಯಲ್ಲಿ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬೈಕಿನಲ್ಲಿ ಎರಡನೆಯ ಗೇರಿಗೆ ಹಾಕಿ ಇಳಿಯುತ್ತೇವೆ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸ್ಕೂಟರಿನಲ್ಲಿ ಗೇರು ನಮ್ಮ ಕೈಯಲ್ಲಿಲ್ಲ. ವೇಗ ತೀರಾ ಇಳಿದಾಗ ಒಳಗಿನ ಕ್ಲಚ್ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್ಲಿನಲ್ಲಿದ್ದಂತೆ ಉರುಳತೊಡಗುತ್ತದೆ. ಆಗ ಆ್ಯಕ್ಸಿಲರೇಟರ್ ಕೂದಲೆಳೆಯಷ್ಟು ತಿರುಗಿಸಿದರೆ ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಲಿವರ್ ಸಪ್ಪೆಯಾಗುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಣಿಯಲು ಬಿಡಿ, ಮೇಲೆ ನೀರು ಸುರಿಯಬೇಡಿ.

ಗದಗದಿಂದ:

ಊರೊಳಗೆ ಸ್ಕೂಟರ್, ಊರು ಬಿಟ್ಟರೆ ಬೈಕ್. ನಮ್ಮ ಬಯಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಹೆದ್ದಾರಿಯ ಅಡ್ಡಗಾಳಿ ನೂರೈದು ಕೆ.ಜಿ.ಯ ಸ್ಕೂಟರನ್ನು ಲಾರಿಯ ಪಕ್ಕಕ್ಕೆ ತಳ್ಳುತ್ತದೆ. ಟ್ಯಾಂಕಿಗೆ ಹಿಡಿಯುವುದೂ ಐದು ಲೀಟರಿನಷ್ಟೇ.

ಹುಬ್ಬಳ್ಳಿಯಿಂದ:

ಹನ್ನೊಂದು ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಸ್ಕೂಟರಿಗೆ ಚೈನ್ ಇಲ್ಲ, ಎಣ್ಣೆ ಹಾಕುವ ಗೊಡವೆ ಇಲ್ಲ ಎಂದು ಜನ ಅದನ್ನು ಮರೆತೇಬಿಡುತ್ತಾರೆ. ಚೈನಿನ ಬದಲು ಒಳಗೆ ಬೆಲ್ಟ್ ಇದೆ, ರೋಲರುಗಳಿವೆ. ಇಪ್ಪತ್ತು ಸಾವಿರ ಕಿ.ಮೀ. ದಾಟಿದ ಮೇಲೆ ಒಮ್ಮೆ ಬಿಚ್ಚಿಸಿ ನೋಡಿ. ಹೊರಡುವಾಗ ಗಾಡಿ ಗಡಗಡ ನಡುಗಿದರೆ, ಎಂಜಿನ್ ಕೂಗುತ್ತಿದ್ದರೂ ವೇಗ ಏರದಿದ್ದರೆ ತಡ ಮಾಡಬೇಡಿ. ಮೊನ್ನೆ ತಂದ ಒಂದು ಗಾಡಿಯ ಬೆಲ್ಟಿನ ಒಳಹಲ್ಲುಗಳ ಬುಡದಲ್ಲಿ ಉಗುರು ತೂರುವಷ್ಟು ಸೀಳುಗಳಿದ್ದವು. ಹೊರಗಿನಿಂದ ಗಾಡಿ ಹೊಸದರಂತೆ ಫಳಫಳ ಎನ್ನುತ್ತಿತ್ತು. ಬೆಲ್ಟ್ ತುಂಡಾದರೆ ನಡುದಾರಿಯಲ್ಲಿ ಏನೂ ಮಾಡಲಾಗದು, ತಳ್ಳಿಕೊಂಡೇ ಬರಬೇಕು.

ಬೆಂಗಳೂರಿನಿಂದ, ಇನ್ನೊಬ್ಬರು:

ದಿನದ ದಾರಿ ಗೊತ್ತಿರುವುದೇ ಆದರೆ, ಮನೆಯಲ್ಲಿ ಚಾರ್ಜಿಂಗಿಗೆ ಜಾಗವಿದ್ದರೆ, ವಿದ್ಯುತ್ ಸ್ಕೂಟರನ್ನೂ ನೋಡಿ. ನನ್ನದು ಏಥರ್. ಆ್ಯಕ್ಸಿಲರೇಟರ್ ಬಿಟ್ಟಾಗ ಮೋಟರೇ ಗಾಡಿಯನ್ನು ಹಿಡಿಯುವುದರಿಂದ, ಉಡುಪಿಯವರು ಹೇಳಿದ ಉರುಳುವಿಕೆ ಇದರಲ್ಲಿ ಕಡಿಮೆ. ಇಕ್ಕಟ್ಟಿನ ಪಾರ್ಕಿಂಗಿನಿಂದ ಹೊರತೆಗೆಯಲು ರಿವರ್ಸ್ ಕೂಡ ಇದೆ.

ಕೇಳಿದವರು, ಮೂರು ವಾರಗಳ ನಂತರ:

ಎಲ್ಲರಿಗೂ ಮನಸಾರೆ ಧನ್ಯವಾದ. ದಾವಣಗೆರೆಯವರು ಹೇಳಿದಂತೆ ಭಾವನ ಸ್ಕೂಟರನ್ನು ಹತ್ತು ದಿನ ಬೇಡಿ ತಂದೆ. ಮೊದಲ ಎರಡು ದಿನ ಎಡಗಾಲು ಗೇರು ಹುಡುಕುತ್ತಿತ್ತು. ಐದನೆಯ ದಿನ ಸಂಜೆ ಮನೆಗೆ ಬಂದು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, ಕೈ ನೋಯಲಿಲ್ಲವಲ್ಲ ಎಂದು ಹೊಳೆಯಿತು. ಬೆನ್ನು ಈವರೆಗೆ ದೂರು ಹೇಳಿಲ್ಲ. ನಮ್ಮದು ಮೂರನೆಯ ಮಹಡಿ, ಚಾರ್ಜಿಂಗಿಗೆ ದಾರಿಯಿಲ್ಲ. ಹಾಗಾಗಿ 125 ಸಿಸಿಯ ಪೆಟ್ರೋಲ್ ಸ್ಕೂಟರಿಗೇ ಮುಂಗಡ ಕೊಟ್ಟಿದ್ದೇನೆ.

ನಿನ್ನೆ ಭಾನುವಾರ ಬೈಕ್ ತೆಗೆದೆ. ಬೀದಿಯ ಕೊನೆಯ ತಿರುವಿನಲ್ಲಿ ನಿಲ್ಲಿಸಲು ಹೋದಾಗ ಎಡಗೈ ಕ್ಲಚ್ಚನ್ನೇ ಬ್ರೇಕ್ ಎಂದುಕೊಂಡು ಹಿಡಿಯಿತು, ಗಾಡಿ ಒಂದು ಮಾರು ಮುಂದಕ್ಕೆ ಉರುಳಿತು. ರಸ್ತೆ ಖಾಲಿಯಿತ್ತು. ಗಾಡಿ ತಿರುಗಿಸಿ ಅದೇ ಬೀದಿಯಲ್ಲಿ ಆರು ಸಲ ಹೋಗಿ ಬಂದು, ಪ್ರತಿ ಸಲವೂ ಬಲಗೈ, ಬಲಗಾಲು ಎಂದು ಗಟ್ಟಿಯಾಗಿ ಹೇಳಿಕೊಂಡು ನಿಲ್ಲಿಸಿ, ಆಮೇಲೆಯೇ ಮುಖ್ಯರಸ್ತೆಗೆ ಇಳಿದೆ.