ಬಾಟಲಿಯಿಂದ ಹೊರಬಂದ ಆರ್ಕಿಡ್ ಸಸಿ: ‘ಗಟ್ಟಿ ಮಾಡುವುದೋ’, ‘ಒಗ್ಗಿಸುವುದೋ’?

ಲ್ಯಾಬ್‌ನಲ್ಲಿ ಬೀಜದಿಂದ ಬೆಳೆಸಿದ ಆರ್ಕಿಡ್ ಸಸಿಗಳನ್ನು ಬಾಟಲಿಯಿಂದ ತೆಗೆದು ಕುಂಡಕ್ಕೆ ಹಾಕುವುದು ಹೇಗೆ ಅಂತ ಗೆಳೆಯರಿಗಾಗಿ ಎರಡು ಪುಟ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ. ‘ಹಾರ್ಡನಿಂಗ್’, ಅಂದರೆ ಬಾಟಲಿಯ ಸಸಿ ಹೊರಗಿನ ಗಾಳಿಗೆ ನಿಧಾನವಾಗಿ ಹೊಂದಿಕೊಳ್ಳುವ ಹಾಗೆ ಮಾಡುವುದು. ಇದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಮೊದಲ ಸಲ ‘ಸಸಿಗಳನ್ನು ಗಟ್ಟಿಗೊಳಿಸಿ’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳತಿಯೊಬ್ಬಳು ಸಸಿಗಳನ್ನು ಹೊರತೆಗೆದ ಮರುದಿನವೇ ಬಿಸಿಲು, ಗಾಳಿ ಎರಡೂ ಬೀಳುವ ಕಿಟಕಿಯಲ್ಲಿ ಇಟ್ಟಳು. ‘ಗಟ್ಟಿಯಾಗಬೇಕು ಅಂದ್ರೆ ಬಿಸಿಲು ಕಾಣಬೇಕು ಅಲ್ವಾ?’ ಎಂದಳು. ಪದ ಹೇಳಿದ್ದನ್ನೇ ಅವಳು ಮಾಡಿದ್ದಳು. ಸಂಜೆ ಹೊತ್ತಿಗೆ ಎಲೆಗಳು ಬೆಂದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಇಪ್ಪತ್ತಕ್ಕಿಂತ ಜಾಸ್ತಿ ಸಸಿಗಳಲ್ಲಿ ಉಳಿದದ್ದು ಮೂರು. ಅವತ್ತಿನಿಂದ ಈ ಪದ ನನ್ನ ತಲೆಯಿಂದ ಹೋಗಿಲ್ಲ.

ಬಾಟಲಿಯೊಳಗಿನ ಬದುಕೇ ಬೇರೆ. ಅಲ್ಲಿನ ಗಾಳಿಯಲ್ಲಿ ತೇವಾಂಶ ಹೆಚ್ಚುಕಡಿಮೆ ನೂರಕ್ಕೆ ನೂರು. ಎಲೆಗೆ ಒಣಗುವ ಭಯವೇ ಇಲ್ಲ. ಹಾಗಾಗಿ ಅದರ ಮೇಲೆ ಮೇಣದ ಪದರ ಸರಿಯಾಗಿ ಕೂತಿರುವುದಿಲ್ಲ. ಎಲೆಯ ಸಣ್ಣ ರಂಧ್ರಗಳಿಗೂ ಬೇಕಾದಾಗ ಮುಚ್ಚಿಕೊಳ್ಳುವುದು ಅಷ್ಟಾಗಿ ಗೊತ್ತಿರುವುದಿಲ್ಲ. ಊಟವೂ ಕಾಲಡಿಯಲ್ಲೇ ಇರುತ್ತದೆ, ಅಗರ್ ಜೆಲ್ಲಿಯಲ್ಲಿ ಸಕ್ಕರೆ ಬೆರೆಸಿರುತ್ತಾರೆ. ಅದೇ ಜೆಲ್ಲಿ ಹೊರಗೆ ಬಂದ ಮೇಲೆ ಬೇರಿಗೆ ಅಂಟಿಕೊಂಡಿದ್ದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ತೊಳೆಯಬೇಕು.

ಬಾಟಲಿಯ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಒದ್ದೆ ಕಾಗದ ಹಿಡಿದ ಹಾಗಿರುತ್ತದೆ. ಫೆಲನಾಪ್ಸಿಸ್ ಎಂಬ ಬಗೆಯ ಆರ್ಕಿಡ್ ಸಸಿಯಾದರೆ ಕೆಲವು ವಾರಗಳ ನಂತರ ನಡುವಿನಿಂದ ಹೊಸ ಎಲೆಯೊಂದು ಇಣುಕುತ್ತದೆ. ಅದು ದಪ್ಪ, ಅದಕ್ಕೊಂದು ಹೊಳಪು, ಮೇಲೆ ಬಿದ್ದ ನೀರು ಹನಿಯಾಗಿ ಜಾರಿಹೋಗುತ್ತದೆ. ಹೊಸ ಬೇರೂ ಹಾಗೆಯೇ, ಬಿಳಿ ಹೊದಿಕೆ ಹೊದ್ದು ಹಸಿರು ತುದಿ ಚಾಚಿಕೊಂಡು ಬರುತ್ತದೆ. ಹಳೇ ಎಲೆ ಅಷ್ಟು ದಿನವೂ ಹೆಚ್ಚುಕಡಿಮೆ ಮೆತ್ತಗೇ ಇರುತ್ತದೆ. ಹೊರಗಿನ ಗಾಳಿಯಲ್ಲಿ ಹುಟ್ಟಿದ ಎಲೆ ಬರುವವರೆಗೆ ಅದನ್ನು ಹೇಗಾದರೂ ಉಳಿಸಿಕೊಳ್ಳುವುದೇ ನಮ್ಮ ಕೆಲಸ. ನೆರಳು, ಮೇಲೊಂದು ಪಾರದರ್ಶಕ ಮುಚ್ಚಳ, ದಿನ ಕಳೆದ ಹಾಗೆ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತೆರೆಯುವುದು. ಇದರಲ್ಲಿ ‘ಗಟ್ಟಿ ಮಾಡುವುದು’ ಎಲ್ಲಿ ಬಂತು?

ಕಠಿಣೀಕರಣ ಅಂತ ಬರೆಯಬಹುದು, ಆದರೆ ಅದು ಲೋಹದ ಮಾತಿನ ಹಾಗೆ ಕೇಳುತ್ತದೆ. ‘ಪಳಗಿಸು’ ಅಂದರೆ ಸಸಿ ಹಟ ಮಾಡುತ್ತಿದೆ ಅನ್ನಿಸುತ್ತದೆ. ‘ಹದಗೊಳಿಸು’ ನನಗೆ ತುಂಬಾ ಇಷ್ಟದ ಪದ. ಮಣ್ಣು ಹದ, ಚರ್ಮ ಹದ, ಪಾಕ ಹದ. ಆದರೆ ಅಲ್ಲೆಲ್ಲ ಹದ ಮಾಡುವವರು ನಾವು, ವಸ್ತು ಸುಮ್ನೆ ಇರುತ್ತದೆ. ಇಲ್ಲಿ ಮುಖ್ಯ ಕೆಲಸ ಸಸಿಯದು.

ಕೊನೆಗೆ ಮನಸ್ಸು ನಿಂತದ್ದು ‘ಒಗ್ಗು’ ಮೇಲೆ. ‘ಈ ನೀರು ನನಗೆ ಒಗ್ಗಲಿಲ್ಲ’, ‘ಚಳಿಗೆ ಮೈ ಒಗ್ಗಿದೆ’ ಅನ್ನುತ್ತೇವೆ. ದಿನ ಹಿಡಿಯುತ್ತದೆ, ಅವಸರ ಮಾಡಿದರೆ ಕೆಡುತ್ತದೆ ಎಂಬುದು ಪದದೊಳಗೇ ಇದೆ. ಕ್ರಿಯಾಪದ ಸರಿ, ‘ಸಸಿಗಳನ್ನು ಒಗ್ಗಿಸಿ’. ಶೀರ್ಷಿಕೆಗೆ ನಾಮಪದ ಬೇಕಲ್ಲ, ಅಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ‘ಒಗ್ಗಿಕೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಒಗ್ಗುವ ಕಾಲ’ ವಾಸಿಯೇ?

ಇನ್ನೆರಡು ಪದಗಳೂ ಇವೆ. ಬಾಟಲಿಯಿಂದ ತೆಗೆದ ಸಸಿಗಳನ್ನು ಮೊದಲು ಒಂದೇ ಕುಂಡದಲ್ಲಿ ಒತ್ತೊತ್ತಾಗಿ ನೆಡುತ್ತಾರೆ, ಬೆಳೆದ ಮೇಲೆ ಬಿಡಿಸಿ ಬೇರೆ ಬೇರೆ ಕುಂಡಕ್ಕೆ ಹಾಕುತ್ತಾರೆ. ಇಂಗ್ಲಿಷಿನವರು ‘ಕಾಂಪಾಟ್’ ಅನ್ನುತ್ತಾರೆ. ರಾಗಿ ಬೆಳೆಯುವವರ ಸಸಿಮಡಿ, ‘ಒಟ್ಲು’, ಇದಕ್ಕೆ ಹತ್ತಿರ ಅಲ್ವಾ? ‘ಒಟ್ಲು ಕುಂಡ’ ಎಂದು ಬರೆದಿದ್ದೇನೆ. ಒಟ್ಲು ಕೇಳಿರದ ಓದುಗರಿಗೂ ಅದು ತಿಳಿಯುತ್ತದೆಯೇ?

ಇನ್ನೊಂದು ‘ಪ್ರೋಟೊಕಾರ್ಮ್’. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಕಟ್ಟಿಕೊಂಡಿರುವುದಿಲ್ಲ. ಕಾಡಿನಲ್ಲಿ ಅದಕ್ಕೆ ಉಣಿಸುವುದು ಒಂದು ಶಿಲೀಂಧ್ರ. ಆ ಶಿಲೀಂಧ್ರ ಇಲ್ಲದೆ ಬರೀ ಸಕ್ಕರೆ, ಲವಣದ ಜೆಲ್ಲಿಯ ಮೇಲೂ ಬೀಜ ಬೆಳೆಯುತ್ತದೆ ಎಂದು 1922ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ ತೋರಿಸಿಕೊಟ್ಟರು. ಇವತ್ತಿನ ಬಾಟಲಿ ಸಸಿಗಳಲ್ಲಿ ಹೆಚ್ಚಿನವು ಆ ದಾರಿಯಲ್ಲೇ ಬಂದವು. ಹೀಗೆ ಬೆಳೆಯಲು ಶುರುವಾದ ಬೀಜ ಮೊದಲು ಒಂದು ಪುಟಾಣಿ ಹಸಿರು ಗುಂಡು ಆಗುತ್ತದೆ. ಬೇರಿಲ್ಲ, ಎಲೆಯಿಲ್ಲ. ಮೊಳಕೆ ಅಂದರೆ ನಮ್ಮ ಕಣ್ಣಿಗೆ ಬರುವುದು ಬಿಳಿ ಬಾಲ ಬಿಟ್ಟ ಹೆಸರುಕಾಳು. ಇದಕ್ಕೆ ಆ ಬಾಲ ಇಲ್ಲ. ‘ಗುಂಡುಮೊಳಕೆ’ ಅನ್ನಬಹುದೇ?

ಸದ್ಯಕ್ಕೆ ಕೈಪಿಡಿಯಲ್ಲಿ ಹೀಗಿದೆ: ‘ತೊಳೆದ ಸಸಿಗಳನ್ನು ಒಟ್ಲು ಕುಂಡದಲ್ಲಿ ನೆಟ್ಟು, ಹೊಸ ಎಲೆ ಬರುವವರೆಗೆ ಹೊರಗಿನ ಗಾಳಿಗೆ ಮೆಲ್ಲಗೆ ಒಗ್ಗಿಸಿ.’ ಇಷ್ಟನ್ನೇ ಓದಿದರೆ ನೀವು ಆ ಕುಂಡವನ್ನು ಎಲ್ಲಿ ಇಡುತ್ತೀರಿ? ದಯವಿಟ್ಟು ಅದನ್ನೂ ಬರೆಯಿರಿ.