ಬೆಟ್ಟಕ್ಕೆ ಹೋಗಬೇಡಿ ಅಂದ್ರೆ ಎಷ್ಟು ದಿನ ಕೇಳ್ತಾರೆ? ಮಂಗನ ಕಾಯಿಲೆ ಪ್ರಶ್ನೋತ್ತರ

ಅಡ್ಮಿನ್: ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ಮಂಗನ ಕಾಯಿಲೆ ಕಾಲ ಶುರುವಾಯ್ತು. ಸಮುದಾಯ ಆರೋಗ್ಯದ ಡಾಕ್ಟ್ರು ಇವತ್ತು ಸಂಜೆ ಗ್ರೂಪಲ್ಲಿ ಇರ್ತಾರೆ. ನಿರ್ಬಂಧ, ಎಣ್ಣೆ, ಜ್ವರ, ಏನಿದ್ರೂ ಕೇಳಿ. ಫಾರ್ವರ್ಡ್ ಹಾಕಬೇಡಿ.

ಅಡಿಕೆ ತೋಟ, ಶಿರಸಿ: ಲಸಿಕೆ ಬಂತಾ ಡಾಕ್ಟ್ರೇ?

ಡಾಕ್ಟ್ರು: ಈಗ ಇಲ್ಲ. ಹಳೆಯದರ ಪರಿಣಾಮ ಸಾಲದೆ ನಿಲ್ಲಿಸಿದ್ದಾರೆ.

ಹೊನ್ನಾವರದವರು: ಮನೆಯಲ್ಲಿ ಒಬ್ಬರಿಗೆ ಬಂದ್ರೆ ಕೊರೋನಾ ಥರ ಬೇರೆ ಕೋಣೆಯಲ್ಲಿ ಇಡಬೇಕಾ?

ಡಾಕ್ಟ್ರು: ಬೇಡ. ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಉಣುಗು, ಅಂದ್ರೆ ಕಾಡಿನ ಉಣ್ಣೆ, ಕಚ್ಚಿದ್ರೆ ಬರೋದು.

ಅಂಕೋಲಾ: ನಾಯಿ ದಿನಾ ಕಾಡಿಗೆ ಹೋಗಿ ಬಂದು ಜಗಲಿಯಲ್ಲೇ ಮಲಗ್ತದೆ. ಅದಕ್ಕೆ ಎಂತ ಮಾಡೋದು?

ಆಶಾ ಕಾರ್ಯಕರ್ತೆ, ಸಿದ್ದಾಪುರ: ನಮಸ್ಕಾರ ಮೇಡಂ. ನಮ್ಮ ಕೇರಿಯಲ್ಲಿ 23 ಮನೆ. ಬೆಟ್ಟದಂಚಿಗೆ ಮಂಗ ಸತ್ತು ಬಿದ್ದಿತ್ತು. ಊರವರೇ ಸೇರಿ ಯಾರೂ ಬೆಟ್ಟ ಹತ್ತಬಾರದು, ಹತ್ತಿದ್ರೆ ದಂಡ ಅಂತ ಮಾಡಿದ್ರು. ಮೊದಲ ಎರಡು ವಾರ ಒಬ್ಬರೂ ಹೋಗಲಿಲ್ಲ. ಈಗ ನಾಲ್ಕನೇ ವಾರ. ಬೆಳಗಿನ ಜಾವ ಐದಕ್ಕೇ ಕದ್ದು ದರಕು (ಉದುರಿದ ಒಣ ಎಲೆ) ಗುಡಿಸೋಕೆ ಹೋಗ್ತಾರೆ. ಉಣುಗು ತಡೆಯೋ ಎಣ್ಣೆ ಹಚ್ಚಿದ್ರೆ ವಾಸನೆಗೆ ಗೊತ್ತಾಗ್ತದೆ ಅಂತ ಹಚ್ಚೋದಿಲ್ಲ. ಒಂದು ಮನೆಯಲ್ಲಿ ಮೂರು ದಿನದಿಂದ ಜ್ವರ, ಹೇಳಿರಲಿಲ್ಲ. ದಂಡ ಜಾಸ್ತಿ ಮಾಡೋಣ ಅಂತಿದ್ದಾರೆ.

ಡಾಕ್ಟ್ರು: ಅಕ್ಕಾ, ಮೊದಲು ಜ್ವರ. ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮೊದಲ ವಾರದಲ್ಲಾದರೆ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ, ತಡವಾದರೆ ರಕ್ತದಲ್ಲಿ ಐಜಿಎಂ ಪ್ರತಿಕಾಯ ನೋಡಬೇಕಾಗುತ್ತದೆ. ಪ್ಯಾರಾಸಿಟಮಾಲ್ ಒಂದೇ. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ವಸಡಲ್ಲಿ ರಕ್ತ, ಕಪ್ಪು ಮಲ, ಮಂಪರು ಕಂಡರೆ ದೊಡ್ಡ ಆಸ್ಪತ್ರೆಗೆ ಹೊರಡಿಸಿ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಏರಬಹುದು. ಆಗ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ ಬರುತ್ತದೆ. ನೂರಕ್ಕೆ 3ರಿಂದ 5 ಜನರನ್ನು ತೆಗೆದುಕೊಂಡು ಹೋಗುವ ಕಾಯಿಲೆ ಇದು.

ಇನ್ನು ದಂಡ. ಜಾಸ್ತಿ ಮಾಡೋದಲ್ಲ, ತೆಗೆದುಹಾಕಿ. ಜ್ವರ ಮುಚ್ಚಿಟ್ಟದ್ದೂ ಎಣ್ಣೆ ಬಿಟ್ಟದ್ದೂ ಅದೇ ದಂಡದಿಂದ. ಜನಕ್ಕೆ ಎಲ್ಲದರ ಬಗ್ಗೆಯೂ ಒಂದೇ ಥರ ಬೇಸರ ಬರೋದಿಲ್ಲ. ಕೊರೋನಾದಲ್ಲಿ, 2020ರಲ್ಲಿ, 14 ದೇಶಗಳ ಸಮೀಕ್ಷೆ ನೋಡಿದಾಗ ತಿಂಗಳು ಕಳೆದಂತೆ ಅಂತರ ಕಾಯೋದು ಇಳಿದಿತ್ತು, ಮಾಸ್ಕ್ ಹಾಕೋದು ಏರಿತ್ತು. ಮಾಸ್ಕಿಗೆ ಖರ್ಚು ಕಡಿಮೆ, ರೂಢಿಯಾಗುತ್ತದೆ. ಅಂತರ ಅಂದರೆ ದುಡಿಮೆ, ನೆಂಟರು, ಮದುವೆ ಎಲ್ಲ ಬಿಡಬೇಕು. ಅದರ ಭಾರ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಒಬ್ಬರನ್ನೊಬ್ಬರು ನಂಬುವ ದೇಶಗಳಲ್ಲಿ ಈ ಇಳಿತವೂ ಕಡಿಮೆ.

ನಿಮ್ಮ ಕೇರಿಗೆ ಎಣ್ಣೆಯೇ ಮಾಸ್ಕ್, ಬೆಟ್ಟ ಬಂದ್ ಅನ್ನೋದೇ ಲಾಕ್‌ಡೌನ್. ದರಕು ಉದುರೋದು ಚಳಿಗಾಲ ಮುಗಿಯುವಾಗ, ಮರಿ ಉಣುಗು ಹೆಚ್ಚೋದೂ ಆಗಲೇ. ಕೊಟ್ಟಿಗೆಗೆ ದರಕು ಇಲ್ಲದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ತೋಟಕ್ಕೆ ಎಂತ ಹಾಕ್ತಾರೆ? ಮೇ ತನಕ ಬಂದ್ ಅಂದರೆ ಕದ್ದೇ ಹೋಗ್ತಾರೆ.

ಆದ್ದರಿಂದ ಹೀಗೆ ಮಾಡಿ. ಮಂಗ ಸತ್ತ ಜಾಗ ಮಾತ್ರ ಪೂರ್ತಿ ಬಂದ್, ಹಗ್ಗ ಕಟ್ಟಿ ತೋರಿಸಿ. ಹೆಣ ಯಾರೂ ಮುಟ್ಟಬಾರದು. ಆರೋಗ್ಯ ಇಲಾಖೆ, ಅರಣ್ಯದವರಿಗೆ ಹೇಳಿ, ಅವರು ಬಂದು ಸುತ್ತ ಉಣುಗು ಸಾಯಿಸುವ ಪುಡಿ ಹಾಕ್ತಾರೆ. ಉಳಿದ ಬೆಟ್ಟಕ್ಕೆ ವಾರಕ್ಕೆ ಎರಡೇ ದಿನ, ಬೆಳಕು ಹರಿದ ಮೇಲೆ, ಮಕ್ಕಳಿಲ್ಲದೆ. ದಿನ ಯಾವುದು ಅಂತ ದರಕು ಗುಡಿಸುವ ಹೆಂಗಸರೇ ಹೇಳಲಿ. ಹೊರಡುವ ಮೊದಲು ನಿಮ್ಮ ಜಗಲಿಯಲ್ಲೇ ಡೇಪಾ ಎಣ್ಣೆ ಹಚ್ಚಲಿ: ಕೈ, ಕಾಲು, ಕುತ್ತಿಗೆಗೆ. ಕಣ್ಣಿಗೆ, ಗಾಯಕ್ಕೆ ತಾಗಬಾರದು. ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಸೀರೆ ಉಟ್ಟವರು ಒಳಗೆ ಪ್ಯಾಂಟ್ ಹಾಕಿಕೊಳ್ಳಲಿ. ದರಕಿನ ರಾಶಿ ಮೇಲೆ ಕುಳಿತು ಕವಳ ಹಾಕೋದು ಬೇಡ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಸ್ನಾನ. ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿ ಹಿಂದೆ ಒಬ್ಬರಿಗೊಬ್ಬರು ನೋಡಿ. ಮರಿ ಉಣುಗು ಎಳ್ಳಿಗಿಂತ ದೊಡ್ಡದಿರೋದಿಲ್ಲ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರ ಎಳೆಯಿರಿ.

ಮತ್ತೆ ನಿಯಮಕ್ಕೆ ತಾರೀಖು ಹಾಕಿ. ಹದಿನೈದು ದಿನಕ್ಕೊಮ್ಮೆ ಕುಳಿತು ಮುಂದುವರಿಸೋದಾ ಸಡಿಲಿಸೋದಾ ಅಂತ ಅವರ ಎದುರೇ ತೀರ್ಮಾನ ಆಗಲಿ.

ಕುಮಟಾ: ಉಣುಗಿಗೆ ಸೀಮೆಎಣ್ಣೆ ಬಿಟ್ರೆ ತಾನೇ ಉದುರ್ತದೆ.

ಡಾಕ್ಟ್ರು: ಬಿಡಬೇಡಿ. ಚಿಮಟ ಅಂತ ಈಗಷ್ಟೇ ಬರೆದೆ.

ಯಲ್ಲಾಪುರ: *ಫಾರ್ವರ್ಡ್* ಕರ್ಪೂರ, ಲವಂಗ, ಓಮ ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಮಂಗನ ಕಾಯಿಲೆ ಹತ್ತಿರ ಸುಳಿಯೋದಿಲ್ಲ. ಎಲ್ಲರಿಗೂ ಕಳಿಸಿ.

ಡಾಕ್ಟ್ರು: 2021ರಲ್ಲಿ ಇದೇ ಪೊಟ್ಟಣ ಆಮ್ಲಜನಕ ಏರಿಸುತ್ತದೆ ಅಂತ ಓಡಾಡಿತ್ತು. ಕಾಯಿಲೆಯ ಹೆಸರು ಮಾತ್ರ ಬದಲಾಗಿದೆ. ಇದನ್ನು ನಂಬಿ ಎಣ್ಣೆ ಹಚ್ಚದೆ ಹೋದವರಿಗೆ ಉಣುಗು ಕಚ್ಚುತ್ತದೆ. ದಯವಿಟ್ಟು ಅಳಿಸಿ.

ನಿವೃತ್ತ ಮಾಸ್ತರು: ಏನೇ ಹೇಳಿ, ನಮ್ಮದು ಶಿಸ್ತಿನ ಸಂಸ್ಕೃತಿ. ಮಡಿ, ಮೈಲಿಗೆ, ಕೈಕಾಲು ತೊಳೆದೇ ಒಳಗೆ ಬರೋದು. ಹೊರದೇಶದವರಿಗೆ ಸ್ವಾತಂತ್ರ್ಯದ ಹುಚ್ಚು, ಅದಕ್ಕೇ ಕೊರೋನಾದಲ್ಲಿ ಅಷ್ಟು ಸತ್ತರು.

ಕಾರವಾರ: ಮಾಸ್ತರೇ, 2021ರ ಏಪ್ರಿಲ್‌ನಲ್ಲಿ ನಮ್ಮಲ್ಲಿ ಬೆಡ್ ಸಿಗದೆ ಸತ್ತವರು ಶಿಸ್ತಿಲ್ಲದವರಾ?

ನಿವೃತ್ತ ಮಾಸ್ತರು: ನಾನು ಹಾಗೆ ಹೇಳಲಿಲ್ಲ. ಕೆಲವು ಊರಿನವರು ಕೇಳಲಿಲ್ಲ, ಎಲ್ಲರಿಗೂ ಗೊತ್ತು.

ಕಾರವಾರ: ಯಾವ ಊರು? ಬಾಯಿ ಬಿಟ್ಟು ಹೇಳಿ.

ಅಡಿಕೆ ತೋಟ, ಶಿರಸಿ: ಮದುವೆಗೆ 50 ಜನ ಅಂತ ಇದ್ದಾಗ ಇನ್ನೂರು ಎಲೆ ಹಾಕಿಸಿದವರು ಎಲ್ಲ ಊರಲ್ಲೂ ಇದ್ದರು. ಬಿಡಿ ಇಬ್ಬರೂ.

ಡಾಕ್ಟ್ರು: ಮಾಸ್ತರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿ. ಕಟ್ಟುಪಾಡು ಬಿಗಿ ಇರುವ ಸಮಾಜ, ಸಡಿಲ ಇರುವ ಸಮಾಜ ಅಂತ 57 ದೇಶ ಹೋಲಿಸಿದ ಅಧ್ಯಯನವಿದೆ. ಸಡಿಲ ದೇಶಗಳಲ್ಲಿ ಪ್ರಕರಣ ಸುಮಾರು 5 ಪಟ್ಟು, ಸಾವು 8 ಪಟ್ಟಿಗೂ ಹೆಚ್ಚು ಅಂತ ಅಂದಾಜು. ಆದರೆ ಅದರ ಲೆಕ್ಕ 2020ರ ಅಕ್ಟೋಬರ್‌ಗೆ ನಿಲ್ಲುತ್ತದೆ. 2011ರಲ್ಲಿ 33 ದೇಶ ಅಳೆದಾಗ ಭಾರತ ತೀರಾ ಬಿಗಿಯವರ ಸಾಲಿನಲ್ಲಿತ್ತು, ಆದರೂ ಎರಡನೇ ಅಲೆ ನಮ್ಮನ್ನು ಬಿಡಲಿಲ್ಲ. ನಮ್ಮ ಕಟ್ಟುಪಾಡೇ ಎರಡೂ ಕಡೆ ಎಳೆಯುತ್ತದೆ. ಕೈಕಾಲು ತೊಳೆಯೋದೂ ಕಟ್ಟುಪಾಡೇ, ಸತ್ತವರ ಮನೆಗೆ ಹೋಗಿ ಕೂರೋದೂ ಕಟ್ಟುಪಾಡೇ. ಮೊದಲನೆಯದನ್ನು ಹಿಡಿದು ಕೆಲಸ ಮಾಡಬಹುದು. ಎರಡನೆಯದನ್ನು ಆದೇಶದಿಂದ ಅಳಿಸೋಕೆ ಆಗೋದಿಲ್ಲ.

ಮತ್ತೆ ಆ ಊರಿನವರು ಅನ್ನೋ ಮಾತು ಇಲ್ಲಿಗೇ ನಿಲ್ಲಲಿ. ಬೆರಳು ತೋರಿಸಿದ ಕಡೆ ಜ್ವರ ಅಡಗುತ್ತದೆ. ಮೇಲೆ ಆಶಾ ಅಕ್ಕ ಬರೆದದ್ದು ಅದನ್ನೇ.

ನಿವೃತ್ತ ಮಾಸ್ತರು: ಹಿರಿಯರಿಗೆ ಪಾಠ ಹೇಳೋ ಕಾಲ ಬಂತು.

ಅಡ್ಮಿನ್: ಮಾಸ್ತರೇ, ಸಾಕು.

ಹಳಿಯಾಳ: ಲಸಿಕೆ ಯಾವಾಗ ಕೊಡ್ತಾರೆ?

ಡಾಕ್ಟ್ರು: ಮೇಲೆ ಓದಿ.

ಯಲ್ಲಾಪುರ: ಅಮೃತಬಳ್ಳಿ ಕಷಾಯ ಆದ್ರೂ ಕುಡೀಬಹುದಾ?

ಡಾಕ್ಟ್ರು: ಉಣುಗಿಗೆ ನಿಮ್ಮ ಕಷಾಯ ಗೊತ್ತಾಗೋದಿಲ್ಲ. ಎಣ್ಣೆ ಹಚ್ಚಿ.

ಅಂಕೋಲಾ: ನಾಯಿದು ಕೇಳಿದ್ದೆ.

ಆಶಾ, ಸಿದ್ದಾಪುರ: ಮೇಡಂ, ಜ್ವರದವರನ್ನು ಕರೆದುಕೊಂಡು ಬಂದೆ, ರಕ್ತ ತೆಗೆದರು. ಎಣ್ಣೆ ಮನೆಗೊಂದು ಬಾಟಲಿ ಕೊಡ್ತಿದ್ದಾರೆ. ಬೆಟ್ಟಕ್ಕೆ ಹೋಗೋರು 31 ಜನ.

ಡಾಕ್ಟ್ರು: ಮನೆ ಲೆಕ್ಕ ಬೇಡ, ತಲೆ ಲೆಕ್ಕದಲ್ಲಿ 31 ಕೇಳಿ. ಮನೆಗೊಂದು ಕೊಟ್ಟರೆ ತೋಟಕ್ಕೆ ಹೋಗುವ ಗಂಡಸರೇ ಮುಗಿಸ್ತಾರೆ, ದರಕಿಗೆ ಹೋಗುವ ಹೆಂಗಸರಿಗೆ ಉಳಿಯೋದಿಲ್ಲ. ಹೆಸರು ಬರೆದ ಪಟ್ಟಿ ನನಗೆ ಈಗಲೇ ಕಳಿಸಿ, ನಾಳೆ ಬೆಳಿಗ್ಗೆ ನಾನೂ ಮಾತಾಡ್ತೇನೆ.